ಮ್ಯಾಂಡರಿನ್, ಟ್ಯಾಂಜರಿನ್ ಮತ್ತು ನಮ್ಮ ಕಿತ್ತಳೆ: ಹೆಸರಿನಲ್ಲೇನಿದೆ?

(ಸಂಘದ ಮಹಿಳಾ ವೇದಿಕೆಯು ಸಂಕ್ರಾಂತಿಯ ಅಂಗವಾಗಿ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಳ್ಳುಬೆಲ್ಲವನ್ನೂ ತಿಳಗುಳವನ್ನೂ ಒಂದೇ ತಟ್ಟೆಯಲ್ಲಿಟ್ಟು ಹಂಚುವ ಭಾಗ್ಯ ಪುಣೆಯ ಕನ್ನಡಿಗರದ್ದು.

ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬಂದಿರಬಹುದು. ಹೂಡಿಕೆ, ಆರೋಗ್ಯ, ಮಕ್ಕಳ ಪರೀಕ್ಷೆ ಎಂದು ಗಂಭೀರ ವಿಷಯಗಳನ್ನು ಚರ್ಚಿಸುವ ನಮ್ಮ ವೇದಿಕೆಯಲ್ಲಿ ಕಿತ್ತಳೆ ಹಣ್ಣಿಗೇನು ಕೆಲಸ? ಕಳೆದ ತಿಂಗಳ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಒಬ್ಬರು ಕೇಳಿದರು: "ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಡಬ್ಬಿಯ ಮೇಲೆ ಮ್ಯಾಂಡರಿನ್ ಅಂತಿದೆ, ಇನ್ನೊಂದರ ಮೇಲೆ ಟ್ಯಾಂಜರಿನ್ ಅಂತಿದೆ, ಹೊರಗೆ ಗಾಡಿಯವನು ಸಂತ್ರಾ ಅಂತಾನೆ. ಇವೆಲ್ಲಾ ಬೇರೆ ಬೇರೆಯಾ?" ಅಲ್ಲಿದ್ದ ಏಳೆಂಟು ಜನ ಏಳೆಂಟು ಉತ್ತರ ಕೊಟ್ಟೆವು. ಆಗ ನಮ್ಮ ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, "ನೀವು ಡೇಟಾ ಕೆಲಸದವರಲ್ಲವೇ, ಇದನ್ನು ಬಿಡಿಸಿ ಹೇಳಿ" ಎಂದು ಜವಾಬ್ದಾರಿ ಹೊರಿಸಿಬಿಟ್ಟರು.

ನಾನು ಕಂಪ್ಯೂಟರ್ ವಿಜ್ಞಾನದಲ್ಲಿ ಎಂ.ಟೆಕ್. ಮಾಡಿದವಳು, ತೋಟಗಾರಿಕೆ ಓದಿದವಳಲ್ಲ. ಆದರೆ ಈ ಪ್ರಶ್ನೆ ನನ್ನ ದಿನನಿತ್ಯದ ಕೆಲಸಕ್ಕೆ ತೀರಾ ಹತ್ತಿರದ್ದು. ದತ್ತಾಂಶ ಶುದ್ಧ ಮಾಡುವುದು ಎಂದರೆ ಮುಖ್ಯವಾಗಿ ಹೆಸರುಗಳ ಜಗಳ ಬಿಡಿಸುವುದು. ಒಂದೇ ವಸ್ತುವಿಗೆ ಎರಡು ಹೆಸರಿದ್ದರೆ ಲೆಕ್ಕ ದುಪ್ಪಟ್ಟಾಗುತ್ತದೆ. ಎರಡು ವಸ್ತುಗಳಿಗೆ ಒಂದೇ ಹೆಸರಿದ್ದರೆ ಅವುಗಳಲ್ಲಿ ಒಂದು ಕಾಣೆಯಾಗುತ್ತದೆ. ಹೆಸರನ್ನು ತಪ್ಪಾಗಿ ಅನುವಾದಿಸಿದರೆ ಇನ್ನೂ ದೊಡ್ಡ ತೊಂದರೆ. ಈ ಮೂರೂ ಕಿತ್ತಳೆಯ ವಿಷಯದಲ್ಲಿ ನಮ್ಮ ಮನೆಗಳಲ್ಲೇ ನಡೆಯುತ್ತಿವೆ. ಅದನ್ನು ಇವತ್ತು ಹೇಳುತ್ತೇನೆ.

ಮೊದಲು ಚಿಕ್ಕ ಉತ್ತರ. ಎಲ್ಲ ಇಳಕಲ್ ಸೀರೆಗಳೂ ಸೀರೆಗಳೇ, ಆದರೆ ಎಲ್ಲ ಸೀರೆಗಳೂ ಇಳಕಲ್ ಅಲ್ಲ. ಹಾಗೆಯೇ ಟ್ಯಾಂಜರಿನ್‌ಗಳೆಲ್ಲ ಮ್ಯಾಂಡರಿನ್‌ಗಳೇ, ಆದರೆ ಮ್ಯಾಂಡರಿನ್‌ಗಳೆಲ್ಲ ಟ್ಯಾಂಜರಿನ್ ಅಲ್ಲ. ಮ್ಯಾಂಡರಿನ್ ಎನ್ನುವುದು ಒಂದು ದೊಡ್ಡ ಕುಟುಂಬದ ಹೆಸರು. ಸಡಿಲ ಸಿಪ್ಪೆ, ಮೇಲೆ ಕೆಳಗೆ ಸ್ವಲ್ಪ ಚಪ್ಪಟೆ, ಕೈಯಲ್ಲೇ ಸುಲಿದು ತೊಳೆ ತೊಳೆಯಾಗಿ ಬಿಡಿಸಬಹುದಾದ ಹಣ್ಣುಗಳೆಲ್ಲ ಈ ಕುಟುಂಬದವು. ಅದರೊಳಗೆ ಸಿಪ್ಪೆಯ ಬಣ್ಣ ಕೆಂಪಿನತ್ತ ವಾಲಿದ, ಗಾಢ ಕಿತ್ತಳೆ ಬಣ್ಣದ ಕೆಲವು ತಳಿಗಳಿಗೆ ಟ್ಯಾಂಜರಿನ್ ಎಂದು ಕರೆಯುವ ರೂಢಿ ಬಂತು. ಜಪಾನಿನ ಸಟ್ಸುಮಾ, ಬೀಜವಿಲ್ಲದೆ ನುಣುಪಾಗಿ ಹೊಳೆಯುವ ಕ್ಲೆಮೆಂಟೈನ್ ಇವೂ ಅದೇ ಕುಟುಂಬ. ನಮ್ಮ ನಾಗಪುರದ ಸಂತ್ರಾ, ಕೊಡಗಿನ ಕಿತ್ತಳೆ, ಮೇಘಾಲಯದ ಖಾಸಿ ಕಿತ್ತಳೆ ಕೂಡ ಮ್ಯಾಂಡರಿನ್‌ಗಳೇ. ವಿಜ್ಞಾನಿಗಳು ಇವನ್ನು ನಾಗಪುರ ಮ್ಯಾಂಡರಿನ್, ಕೂರ್ಗ್ ಮ್ಯಾಂಡರಿನ್, ಖಾಸಿ ಮ್ಯಾಂಡರಿನ್ ಎಂದೇ ಬರೆಯುತ್ತಾರೆ.

ಹಾಗಾದರೆ ಟ್ಯಾಂಜರಿನ್ ಎಂಬ ಹೆಸರು ಎಲ್ಲಿಂದ ಬಂತು? ಮೊರಾಕ್ಕೋ ದೇಶದ ಟ್ಯಾಂಜಿಯರ್ ಎಂಬ ಬಂದರಿನಿಂದ. 19ನೇ ಶತಮಾನದಲ್ಲಿ ಈ ಬಂದರಿನ ಮೂಲಕ ಹಣ್ಣು ಯುರೋಪಿಗೆ ಹೋಯಿತು, ಹೋದಲ್ಲಿ ಬಂದರಿನ ಹೆಸರೇ ಹಣ್ಣಿಗೆ ಅಂಟಿತು. ಯೆಮೆನ್ ದೇಶದ ಮೋಖಾ ಬಂದರಿನಿಂದ ಕಾಫಿಗೆ ಮೋಕಾ ಎಂಬ ಹೆಸರು ಬಂದ ಹಾಗೆ. ಅಮೆರಿಕದ ಫ್ಲೋರಿಡಾದಲ್ಲಿ ಕರ್ನಲ್ ಡ್ಯಾನ್ಸಿ ಎಂಬುವರು 1867ರಲ್ಲಿ ಬೆಳೆಸಿದ ತಳಿ 'ಡ್ಯಾನ್ಸಿ ಟ್ಯಾಂಜರಿನ್' ಎಂದು ಪ್ರಸಿದ್ಧವಾಯಿತು. ಅಮೆರಿಕದವರು ಆ ಹೆಸರನ್ನು ಹೆಚ್ಚು ಬಳಸುವುದಕ್ಕೆ ಇಂಥ ತಳಿಗಳೇ ಕಾರಣ. ಅಂದರೆ ಟ್ಯಾಂಜರಿನ್ ಎನ್ನುವುದು ಮೂಲತಃ ವ್ಯಾಪಾರದ ಹೆಸರು.

ಮ್ಯಾಂಡರಿನ್ ಹೆಸರಿನ ಕಥೆ ಇನ್ನೂ ಸ್ವಾರಸ್ಯದ್ದು. ಹಳೆಯ ಚೀನಾದ ದೊಡ್ಡ ಅಧಿಕಾರಿಗಳನ್ನು ಯುರೋಪಿನವರು ಮ್ಯಾಂಡರಿನ್ ಎಂದು ಕರೆಯುತ್ತಿದ್ದರು. ಆ ಪದ ಚೀನೀ ಭಾಷೆಯದಲ್ಲ. ಸಂಸ್ಕೃತದ 'ಮಂತ್ರಿ' ಮಲಯ ಭಾಷೆಗೆ ಹೋಗಿ, ಅಲ್ಲಿಂದ ಪೋರ್ಚುಗೀಸರ ಬಾಯಿಗೆ ಬಿದ್ದು, ಇಂಗ್ಲಿಷಿಗೆ ಬರುವಷ್ಟರಲ್ಲಿ ಮ್ಯಾಂಡರಿನ್ ಆಗಿತ್ತು. 1805ರಲ್ಲಿ ಚೀನಾದ ಕ್ಯಾಂಟನ್‌ನಿಂದ ಇಂಗ್ಲೆಂಡಿಗೆ ಬಂದ ಈ ಹಣ್ಣಿಗೂ ಅದೇ ಹೆಸರು ಅಂಟಿಕೊಂಡಿತು. ಇನ್ನು 'ಆರೆಂಜ್' ಪದದ ಮೂಲವೂ ನಮ್ಮ ಉಪಖಂಡದ್ದೇ. ಸಂಸ್ಕೃತದ ನಾರಂಗ ಪರ್ಷಿಯನ್ನಿನಲ್ಲಿ ನಾರಂಗ್, ಅರಬ್ಬಿಯಲ್ಲಿ ನಾರಂಜ್, ಸ್ಪ್ಯಾನಿಷ್‌ನಲ್ಲಿ ನಾರಾಂಹಾ ಆಗಿ, ಫ್ರೆಂಚರ ಹತ್ತಿರ ಮೊದಲ 'ನ' ಕಳೆದುಕೊಂಡು ಆರೆಂಜ್ ಆಯಿತು. ಮಂತ್ರಿ, ನಾರಂಗ ಎರಡೂ ಊರು ಬಿಟ್ಟು ಹೋಗಿ, ನಾಲ್ಕು ಭಾಷೆ ಕಲಿತು, ಈಗ ಸ್ಟಿಕ್ಕರ್ ಅಂಟಿಸಿಕೊಂಡು ವಾಪಸು ಬಂದಿವೆ. ನಮಗೆ ಗುರುತು ಸಿಗುತ್ತಿಲ್ಲ ಅಷ್ಟೆ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳು ರಜೆಗೆ ಊರಿಗೆ ಹೋದಾಗ ಅಜ್ಜ ಅಜ್ಜಿ ನೋಡುವ ನೋಟ ನೆನಪಾಗುತ್ತದೆ!

ಸಸ್ಯವಿಜ್ಞಾನಿಗಳಾದರೂ ಒಮ್ಮತಕ್ಕೆ ಬಂದಿದ್ದಾರೆಯೇ ಎಂದರೆ ಅದೂ ಇಲ್ಲ. 20ನೇ ಶತಮಾನದಲ್ಲಿ ಅಮೆರಿಕದ ವಾಲ್ಟರ್ ಸ್ವಿಂಗಲ್ ಎಂಬ ವಿಜ್ಞಾನಿ ನಿಂಬೆ-ಕಿತ್ತಳೆಗಳ ಕುಲವನ್ನೆಲ್ಲ 16 ಪ್ರಭೇದಗಳಲ್ಲಿ ಮುಗಿಸಿದರು. ಜಪಾನಿನ ತಾನಾಕಾ ಎಂಬ ವಿಜ್ಞಾನಿ ಅದೇ ಕುಲದಲ್ಲಿ 162 ಪ್ರಭೇದಗಳನ್ನು ಗುರುತಿಸಿದರು! ತಾನಾಕಾ ಅವರ ಪಟ್ಟಿಯಲ್ಲಿ ಟ್ಯಾಂಜರಿನ್‌ಗೆ ಪ್ರತ್ಯೇಕ ಪ್ರಭೇದದ ಸ್ಥಾನವಿದೆ. ಸ್ವಿಂಗಲ್ ಅವರ ಪಟ್ಟಿಯಲ್ಲಿ ಅದು ಮ್ಯಾಂಡರಿನ್ ಒಳಗೇ ಸೇರಿದೆ. ಒಬ್ಬರು ಕಪಾಟಿನಲ್ಲಿ ಎರಡೇ ಅರೆ ಮಾಡಿದರು, ಇನ್ನೊಬ್ಬರು ಇಪ್ಪತ್ತು ಅರೆ ಮಾಡಿದರು. ಒಳಗಿರುವ ಬಟ್ಟೆ ಮಾತ್ರ ಅವೇ.

ಇತ್ತೀಚಿನ ವಂಶವಾಹಿ ಅಧ್ಯಯನಗಳು ಈ ಕಪಾಟನ್ನು ಬೇರೆ ರೀತಿಯಲ್ಲಿ ಜೋಡಿಸಿವೆ. 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ನಮ್ಮ ಅಸ್ಸಾಂ, ಉತ್ತರ ಮ್ಯಾನ್ಮಾರ್, ಚೀನಾದ ಯುನಾನ್ ಸೇರುವ ಪ್ರದೇಶ. ನಾವು ತಿನ್ನುವ ಬಹುತೇಕ ಹಣ್ಣುಗಳಿಗೆ ಮೂರು ಮುಖ್ಯ ಪೂರ್ವಜರು: ಮಾದಲ, ಚಕ್ಕೋತ ಮತ್ತು ಮ್ಯಾಂಡರಿನ್. ಚಕ್ಕೋತ ಮತ್ತು ಮ್ಯಾಂಡರಿನ್ ಬೆರೆತು ಹುಟ್ಟಿದ್ದು ಬಿಗಿ ಸಿಪ್ಪೆಯ ಸಿಹಿ ಕಿತ್ತಳೆ. ನಮ್ಮ ಮೋಸಂಬಿ ಆ ಜಾತಿಯದು. ಅದರ ಹೆಸರು ಬಂದಿದ್ದು ಆಫ್ರಿಕಾದ ಮೊಜಾಂಬಿಕ್‌ನಿಂದ. ಸಿಹಿ ಕಿತ್ತಳೆಗೆ ಮತ್ತೆ ಚಕ್ಕೋತ ಬೆರೆತು ಹುಟ್ಟಿದ್ದು ಗ್ರೇಪ್‌ಫ್ರೂಟ್. ಈ ಗ್ರೇಪ್‌ಫ್ರೂಟ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಸಂಬಂಧಗಳು ಗೊತ್ತಾದರೆ ಊರೂರಿನ ಹೆಸರುಗಳೂ ಸರಿಹೋಗುತ್ತವೆ. ಹೈದರಾಬಾದಿನಲ್ಲಿ ಬತ್ತಾಯಿ, ಚೆನ್ನೈಯಲ್ಲಿ ಸಾತ್ತುಕ್ಕುಡಿ ಎನ್ನುವುದು ಬಿಗಿ ಸಿಪ್ಪೆಯ ಸಿಹಿ ಕಿತ್ತಳೆಗೆ. ಎರಡೂ ಕಡೆ ಕಮಲಾ ಎನ್ನುವುದು ನಮ್ಮ ಸಡಿಲ ಸಿಪ್ಪೆಯ ಕಿತ್ತಳೆಗೆ. ದೆಹಲಿಯ ಚಳಿಗಾಲದಲ್ಲಿ ಗಾಡಿಗಳ ಮೇಲೆ ರಾಶಿ ಬೀಳುವ ಕಿನ್ನೋ ಕೂಡ ಮ್ಯಾಂಡರಿನ್ನೇ. ಅದು ಹುಟ್ಟಿದ್ದು ಪಂಜಾಬಿನಲ್ಲಲ್ಲ, ಅಮೆರಿಕದ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ನಗರದ ಸಂಶೋಧನಾ ಕೇಂದ್ರದಲ್ಲಿ. ಎಚ್.ಬಿ. ಫ್ರಾಸ್ಟ್ ಎಂಬ ವಿಜ್ಞಾನಿ ಕಿಂಗ್ ಮತ್ತು ವಿಲ್ಲೋ ಲೀಫ್ ಎಂಬ ಎರಡು ಮ್ಯಾಂಡರಿನ್‌ಗಳನ್ನು ಸೇರಿಸಿ ಅದನ್ನು ರೂಪಿಸಿದರು. 1935ರಲ್ಲಿ ಅದು ಬಿಡುಗಡೆಯಾಯಿತು. ಅಪ್ಪ ಅಮ್ಮನ ಹೆಸರಿನ ಅರ್ಧರ್ಧ ಸೇರಿಸಿ ಮಗುವಿಗೆ ಹೆಸರಿಡುವ ಪದ್ಧತಿ ನಮ್ಮಲ್ಲಿ ಮಾತ್ರವಲ್ಲ ನೋಡಿ.

ರಿವರ್‌ಸೈಡ್ ಎಂದಾಗ ಒಬ್ಬ ಹೆಣ್ಣುಮಗಳ ಹೆಸರು ಹೇಳಲೇಬೇಕು. ಎಲೈಜಾ ಟಿಬೆಟ್ಸ್ ಎಂಬಾಕೆ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದವರು. 1873ರಲ್ಲಿ ಸರ್ಕಾರದ ಕೃಷಿ ಇಲಾಖೆಯಿಂದ ಬಂದ ಎರಡು ಕಿತ್ತಳೆ ಸಸಿಗಳನ್ನು ಅದೇ ಊರಿನ ತಮ್ಮ ಮನೆಯಂಗಳದಲ್ಲಿ ನೆಟ್ಟರು. ಪಾತ್ರೆ ತೊಳೆದ ನೀರು ಹಾಕಿ ಬೆಳೆಸಿದರಂತೆ. ಬೀಜವಿಲ್ಲದ, ಹೊಕ್ಕುಳಿನಂಥ ಗುರುತಿರುವ ನೇವಲ್ ಆರೆಂಜ್ ಕ್ಯಾಲಿಫೋರ್ನಿಯಾದ ಉದ್ಯಮವಾಗಿ ಬೆಳೆದದ್ದು ಆ ಗಿಡಗಳ ಕಸಿಯಿಂದ. ಅವುಗಳಲ್ಲಿ ಒಂದು ಮರ ಇವತ್ತಿಗೂ ಆ ಊರಿನಲ್ಲಿದೆ. ಸಟ್ಸುಮಾ ಹಣ್ಣಿಗೆ ಆ ಹೆಸರು ಬಂದದ್ದೂ ಒಬ್ಬ ಮಹಿಳೆಯಿಂದಲೇ. ಆದರೆ ಸಾಮಾನ್ಯವಾಗಿ ಎಲ್ಲ ಕಡೆ ಆಕೆಯನ್ನು 'ಜಪಾನಿನಲ್ಲಿದ್ದ ಅಮೆರಿಕದ ರಾಯಭಾರಿಯ ಪತ್ನಿ' ಎಂದಷ್ಟೇ ಬರೆದಿರುತ್ತಾರೆ. ಹಣ್ಣಿಗೆ ಹೆಸರಿಟ್ಟವಳ ಹೆಸರನ್ನೇ ಬರೆಯುವವರಿಲ್ಲ!

ಈಗ ನಾನು ಹೇಳಿದ ಮೂರು ತೊಂದರೆಗಳಿಗೆ ಬರೋಣ. ಮೊದಲನೆಯದು, ಒಂದೇ ವಸ್ತುವಿಗೆ ಎರಡು ಹೆಸರು. ಸೂಪರ್ ಮಾರ್ಕೆಟ್ಟಿನ ಹವಾನಿಯಂತ್ರಿತ ಅರೆಯಲ್ಲಿ ಆಮದಿನ ಮ್ಯಾಂಡರಿನ್ ಎರಡು ಮೂರು ಪಟ್ಟು ಬೆಲೆಗೆ ಕೂತಿರುತ್ತದೆ. ಹೊರಗೆ ಗಾಡಿಯಲ್ಲಿ ನಾಗಪುರದ ಸಂತ್ರಾ ಡಜನ್ ಲೆಕ್ಕದಲ್ಲಿ ಸಿಗುತ್ತದೆ. ಒಳಗಿನದ್ದು 'ಮಕ್ಕಳ ಡಬ್ಬಿಗೆ ಒಳ್ಳೆಯದು' ಎಂದೂ, ಹೊರಗಿನದ್ದು ಸಾಧಾರಣವೆಂದೂ ನಮ್ಮ ಮನಸ್ಸಿನಲ್ಲಿ ಕೂತಿದೆ. ಸಸ್ಯಕುಲದ ಲೆಕ್ಕದಲ್ಲಿ ಎರಡೂ ಅಕ್ಕತಂಗಿಯರು. ವ್ಯತ್ಯಾಸವಿಲ್ಲ ಎಂದು ನಾನು ಹೇಳುತ್ತಿಲ್ಲ. ಆಮದಿನ ಹಣ್ಣಿನಲ್ಲಿ ಬೀಜ ಕಡಿಮೆ, ಗಾತ್ರ ಒಂದೇ ಸಮ, ಮೇಣದ ಲೇಪನದಿಂದ ಹೊಳಪು, ಹೆಚ್ಚು ದಿನದ ಬಾಳಿಕೆ. ಅದಕ್ಕೆ ದುಡ್ಡು ಕೊಡುತ್ತೇವೆ ಎಂದು ತಿಳಿದು ಕೊಟ್ಟರೆ ಅಡ್ಡಿಯಿಲ್ಲ. ಬೇರೆ ಜಾತಿಯ ಹಣ್ಣು, ಹೆಚ್ಚು ಪೌಷ್ಟಿಕ ಎಂದುಕೊಂಡು ಕೊಡುವುದು ಬೇಡ. ನಾಗಪುರದ ಹಣ್ಣು ವರ್ಷದಲ್ಲಿ ಎರಡು ಬೆಳೆ ಬರುತ್ತದೆ. ಚಳಿಗಾಲಕ್ಕೆ ಬರುವುದು ಅಂಬಿಯಾ ಬಹಾರ್, ಫೆಬ್ರುವರಿ-ಮಾರ್ಚ್ ಹೊತ್ತಿಗೆ ಬರುವುದು ಮೃಗ ಬಹಾರ್. ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಹೋದಾಗ "ಯಾವ ಬಹಾರ್?" ಎಂದು ಒಮ್ಮೆ ಕೇಳಿ ನೋಡಿ. ವ್ಯಾಪಾರಿ ನಿಮ್ಮೊಡನೆ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಎರಡನೆಯದು ತಪ್ಪು ಅನುವಾದ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ, ನಮ್ಮೆಲ್ಲರ ಮನೆಯಲ್ಲೂ ಹಿರಿಯರಿದ್ದಾರೆ.

ನಮ್ಮ ಅತ್ತೆಯವರು ಧಾರವಾಡದ ಕಡೆಯವರು. ಕೊಲೆಸ್ಟರಾಲಿಗೆ ಗುಳಿಗೆ ತೆಗೆದುಕೊಳ್ಳುತ್ತಾರೆ. ಗುಳಿಗೆಯ ಜೊತೆ ಬರುವ ಚೀಟಿಯಲ್ಲಿ 'ಗ್ರೇಪ್‌ಫ್ರೂಟ್ ತಿನ್ನಬಾರದು' ಎಂದಿತ್ತು. ಊರಿನಲ್ಲಿದ್ದ ಸಂಬಂಧಿಕರ ಹುಡುಗನೊಬ್ಬ ಫೋನಿನಲ್ಲಿ ಅದರ ಫೋಟೋ ತೆಗೆದು ಕನ್ನಡಕ್ಕೆ ಅನುವಾದ ಮಾಡಿಸಿ ಓದಿ ಹೇಳಿದ: "ದ್ರಾಕ್ಷಿಹಣ್ಣು ತಿನ್ನಬಾರದು." ಅತ್ತೆ ಅವತ್ತಿನಿಂದ ದ್ರಾಕ್ಷಿ ಬಿಟ್ಟರು. ನೆಂಟರಲ್ಲಿ ಇನ್ನೊಬ್ಬರು "ಅದು ಕಿತ್ತಳೆ ಜಾತಿಯದು" ಎಂದಾಗ ಸಂತ್ರಾವನ್ನೂ ಬಿಟ್ಟರು. ಆದರೆ ಹಿತ್ತಿಲಿನ ಚಕ್ಕೋತದ ಮರ ಕಾಯಿ ಬಿಟ್ಟಾಗೆಲ್ಲ ಉಪ್ಪು ಖಾರ ಹಚ್ಚಿಕೊಂಡು ಪ್ರೀತಿಯಿಂದ ತಿನ್ನುತ್ತಿದ್ದರು. ಪುಣೆಗೆ ಬರುವಾಗ ಚೀಲದಲ್ಲಿ ಎರಡು ಚಕ್ಕೋತ ತಂದಿದ್ದರು. ನಾನು ಕೇಳಿದ್ದಕ್ಕೆ, "ದ್ರಾಕ್ಷಿ ಬ್ಯಾಡ ಅಂದ್ರು, ಬಿಟ್ಟೇನಿ. ಸಂತ್ರಾ ಬ್ಯಾಡ ಅಂದ್ರು, ಅದನ್ನೂ ಬಿಟ್ಟೇನಿ. ಚಕ್ಕೋತಕ್ಕ ಯಾರೂ ಏನೂ ಅಂದಿಲ್ಲಲ್ಲವಾ" ಎಂದರು. ಅವರ ಮಾತಿನಲ್ಲಿ ತಪ್ಪೇನಿದೆ? ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಗ್ರೇಪ್‌ಫ್ರೂಟ್‌ಗೂ ದ್ರಾಕ್ಷಿಗೂ ಸಂಬಂಧವೇ ಇಲ್ಲ. ಮರದಲ್ಲಿ ಗೊಂಚಲಾಗಿ ಬಿಡುವುದರಿಂದ ಆ ಹೆಸರು ಬಂತು ಎನ್ನುತ್ತಾರೆ. ಅದಕ್ಕೆ ನಿಜವಾದ ಹತ್ತಿರದ ಬಂಧು ಚಕ್ಕೋತ. ಇವೆರಡರಲ್ಲೂ ಫ್ಯೂರನೋಕೂಮರಿನ್ ಎಂಬ ರಾಸಾಯನಿಕಗಳಿವೆ. ನಮ್ಮ ಕರುಳಿನ ಗೋಡೆಯಲ್ಲಿರುವ ಒಂದು ಕಿಣ್ವ ಕೆಲವು ಔಷಧಿಗಳ ಒಂದು ಭಾಗವನ್ನು ರಕ್ತಕ್ಕೆ ಸೇರುವ ಮೊದಲೇ ಒಡೆದುಹಾಕುತ್ತದೆ. ವೈದ್ಯರು ಗುಳಿಗೆಯ ಪ್ರಮಾಣ ಬರೆಯುವಾಗ ಈ ಲೆಕ್ಕ ಇಟ್ಟುಕೊಂಡೇ ಬರೆದಿರುತ್ತಾರೆ. ಈ ರಾಸಾಯನಿಕಗಳು ಆ ಕಿಣ್ವವನ್ನು ಕೆಲಸ ಮಾಡದಂತೆ ನಿಲ್ಲಿಸುತ್ತವೆ. ಆಗ ಒಂದೇ ಗುಳಿಗೆ ನುಂಗಿದರೂ ಅದಕ್ಕಿಂತ ಹೆಚ್ಚು ನುಂಗಿದ ಹಾಗೆ ರಕ್ತದಲ್ಲಿ ಔಷಧಿ ಏರಬಹುದು. ದೇಹ ಹೊಸ ಕಿಣ್ವ ಮಾಡಿಕೊಳ್ಳಲು ಒಂದು ದಿನವೋ ಅದಕ್ಕಿಂತ ಹೆಚ್ಚೋ ಬೇಕು. ಆದ್ದರಿಂದ "ಬೆಳಿಗ್ಗೆ ಹಣ್ಣು, ರಾತ್ರಿ ಗುಳಿಗೆ" ಎಂಬ ಉಪಾಯ ನಡೆಯುವುದಿಲ್ಲ.

ಇದು ಗೊತ್ತಾದದ್ದೂ ಆಕಸ್ಮಿಕವಾಗಿ. ಕೆನಡಾದ ಡೇವಿಡ್ ಬೈಲಿ ಎಂಬ ಸಂಶೋಧಕರು ರಕ್ತದೊತ್ತಡದ ಔಷಧಿಯೊಂದರ ಮೇಲೆ ಮದ್ಯದ ಪರಿಣಾಮ ನೋಡುತ್ತಿದ್ದರು. ಮದ್ಯದ ರುಚಿ ತಿಳಿಯದಿರಲಿ ಎಂದು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ಔಷಧಿಯ ಮಟ್ಟ ಅನಿರೀಕ್ಷಿತವಾಗಿ ಏರಿತು. ಹುಡುಕಿದಾಗ ಕಾರಣ ಹಣ್ಣಿನ ರಸ ಎಂದು ತಿಳಿಯಿತು. 1989ರಲ್ಲಿ ಮೊದಲ ವರದಿ ಪ್ರಕಟವಾಯಿತು. ಕೊಲೆಸ್ಟರಾಲಿಗೆ ಕೊಡುವ ಸಿಮ್ವಾಸ್ಟಾಟಿನ್, ರಕ್ತದೊತ್ತಡದ ಫೆಲೋಡಿಪಿನ್, ಅಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಮುಂತಾದವುಗಳ ಜೊತೆ ಈ ತೊಂದರೆಯಿದೆ. ಎಲ್ಲ ಗುಳಿಗೆಗಳಿಗೂ ಇದು ಅನ್ವಯಿಸುವುದಿಲ್ಲ. ಸಾಮಾನ್ಯವಾಗಿ ನಾವು ತಿನ್ನುವ ಸಂತ್ರಾ, ಮ್ಯಾಂಡರಿನ್, ಟ್ಯಾಂಜರಿನ್, ಮೋಸಂಬಿಗಳಲ್ಲಿ ಈ ತೊಂದರೆ ಇಲ್ಲ. ಮಾರ್ಮಲೇಡ್ ಮಾಡಲು ಬಳಸುವ ಸೆವಿಲ್ ಎಂಬ ಹುಳಿ ಕಿತ್ತಳೆಯಲ್ಲಿ ಇದೆ.

ನಮ್ಮ ಡಾಕ್ಟರು ಗುಳಿಗೆಯ ಹೆಸರು ನೋಡಿ ಸ್ಪಷ್ಟವಾಗಿ ಹೇಳಿದರು: ಚಕ್ಕೋತ ಬೇಡ, ಸಂತ್ರಾ ತಿನ್ನಬಹುದು, ದ್ರಾಕ್ಷಿಗೂ ಈ ಗುಳಿಗೆಗೂ ಸಂಬಂಧವಿಲ್ಲ. ರಕ್ತ ಪರೀಕ್ಷೆಯಲ್ಲಿ ಏನೂ ಏರುಪೇರಿರಲಿಲ್ಲ, ಅದು ನಮ್ಮ ಪುಣ್ಯ. ಬೇಡದ್ದನ್ನು ತಿಂದು, ತಿನ್ನಬಹುದಾದ ಎರಡು ಹಣ್ಣುಗಳನ್ನು ಬಿಟ್ಟು ಅವರು ಎರಡು ವರ್ಷ ಕಳೆದಿದ್ದರು. ಯಂತ್ರ ಅಕ್ಷರಕ್ಕೆ ಅಕ್ಷರ ಅನುವಾದಿಸಿತ್ತು. ಆ ಹಣ್ಣು ನಮ್ಮ ಹಿತ್ತಿಲಿನ ಯಾವ ಮರಕ್ಕೆ ಬಂಧು ಎಂದು ಹೇಳುವುದು ಅದಕ್ಕೆ ಗೊತ್ತಿರಲಿಲ್ಲ. ಅದನ್ನು ಹೇಳಬೇಕಾದವರು ಎರಡೂ ಭಾಷೆ ಬಲ್ಲ ನಾವು. ಇಂಗ್ಲಿಷ್ ಚೀಟಿ ಮತ್ತು ಕನ್ನಡದ ಹಿತ್ತಿಲು ಎರಡನ್ನೂ ಓದಬಲ್ಲವರು ಒಂದು ಮನೆಯಲ್ಲಿ ಹೆಚ್ಚಾಗಿ ಒಬ್ಬರೋ ಇಬ್ಬರೋ ಇರುತ್ತಾರೆ. ಈ ಸಭೆಯಲ್ಲಿರುವ ಬಹಳಷ್ಟು ಜನ ತಮ್ಮ ಮನೆಯಲ್ಲಿ ಆ ಒಬ್ಬರು.

ಮೂರನೆಯದು, ಎರಡು ವಸ್ತುಗಳಿಗೆ ಒಂದೇ ಹೆಸರು. ನನ್ನ ತವರು ಕೊಡಗಿನ ಸೋಮವಾರಪೇಟೆಯ ಹತ್ತಿರ. ಕಾಫಿ ಗಿಡಗಳ ನಡುವೆ ಕಿತ್ತಳೆ ಮರ ಇರುವುದು ಅಲ್ಲಿನ ಹಳೆಯ ಪದ್ಧತಿ. ಕೊಡಗಿನ ಕಿತ್ತಳೆಯ ಸಿಪ್ಪೆ ನಾಗಪುರದ್ದರಷ್ಟು ಸಡಿಲವಲ್ಲ, ಬೀಜ ಹೆಚ್ಚು, ಸಿಹಿಯ ಹಿಂದೆಯೇ ಒಂದು ಚುರುಕಾದ ಹುಳಿ. ಈ ಹಣ್ಣಿನ ಬೀಜದಲ್ಲಿ ಒಂದು ಸೋಜಿಗವಿದೆ. ಹೆಚ್ಚಿನ ಮ್ಯಾಂಡರಿನ್ ಬೀಜಗಳಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುತ್ತವೆ, ಅವುಗಳಲ್ಲಿ ಬಹುಪಾಲು ತಾಯಿಮರದ ಅಚ್ಚು. ಹಾಗಾಗಿ ಕೊಡಗಿನವರು ಹಿಂದೆ ಒಳ್ಳೆಯ ಮರದ ಬೀಜ ಹಾಕಿ ಸಸಿ ಮಾಡಿದರೆ ಅದೇ ರುಚಿಯ ಹಣ್ಣು ಬರುತ್ತಿತ್ತು. ಚಕ್ಕೋತ ಹಾಗಲ್ಲ, ಬೀಜ ಹಾಕಿದರೆ ಒಂದೊಂದು ಸಸಿ ಒಂದೊಂದು ತರಹ.

ಆ ತೋಟಗಳಿಗೆ ರೋಗ ಬಂತು. ಸಣ್ಣ ಕೀಟವೊಂದು ಹರಡುವ ಹಸಿರು ರೋಗ, ಗಿಡಹೇನು ಹರಡುವ ಟ್ರಿಸ್ಟೆಜಾ ವೈರಸ್, ಇವುಗಳಿಂದ ಮರಗಳು ತುದಿಯಿಂದ ಒಣಗುತ್ತಾ ಬಂದವು. ಹಸಿರು ರೋಗಕ್ಕೆ ಚೀನೀಯರು ಇಟ್ಟ ಹೆಸರಿನ ಅರ್ಥ ಹಳದಿ ಡ್ರ್ಯಾಗನ್ ರೋಗ. ಅದನ್ನು ಗುಣಪಡಿಸುವ ಔಷಧಿ ಇವತ್ತಿಗೂ ಇಲ್ಲ. 2005ರಲ್ಲಿ ಅದು ಫ್ಲೋರಿಡಾದಲ್ಲಿ ಕಾಣಿಸಿಕೊಂಡ ಮೇಲೆ, ಡ್ಯಾನ್ಸಿ ಟ್ಯಾಂಜರಿನ್ ಬೆಳೆದ ಆ ನಾಡಿನ ಕಿತ್ತಳೆ ಉದ್ಯಮವೇ ಕುಸಿದುಹೋಯಿತು. ನಮ್ಮಲ್ಲಿ ಇದರ ಜೊತೆಗೆ ಕಾಳುಮೆಣಸು ಕಾಫಿಗಳ ಬೆಲೆಯ ಲೆಕ್ಕಾಚಾರವೂ ಸೇರಿ ಕಿತ್ತಳೆ ಹಿಂದೆ ಸರಿಯಿತು. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ರೋಗವಿಲ್ಲದ ಸಸಿಗಳನ್ನು ಬೆಳೆಸುವ ಕೆಲಸ ಮಾಡುತ್ತಿದೆ. ಕೂರ್ಗ್ ಆರೆಂಜ್‌ಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸುಮಾರು 20 ವರ್ಷಗಳ ಹಿಂದೆಯೇ ಸಿಕ್ಕಿದೆ.

ಆದರೂ ಏನಾಗಿದೆ ನೋಡಿ. ಕೊಡಗಿನ ರಸ್ತೆ ಬದಿಯಲ್ಲೇ 'ಕೂರ್ಗ್ ಆರೆಂಜ್' ಎಂದು ಬೋರ್ಡು ಹಾಕಿ ಮಾರುತ್ತಿದ್ದ ಅಂಗಡಿಯ ಹಿಂದೆ ನಾಗಪುರದ ಮುದ್ರೆಯಿದ್ದ ಪೆಟ್ಟಿಗೆಗಳನ್ನು ನಾನೇ ನೋಡಿದ್ದೇನೆ. ಕೊಂಡವರು ಖುಷಿಯಿಂದ ಮನೆಗೆ ಒಯ್ದು, "ಕೊಡಗಿನ ಹಣ್ಣು" ಎಂದು ಮಕ್ಕಳಿಗೆ ಕೊಡುತ್ತಾರೆ. ನಾಗಪುರದ ಹಣ್ಣು ಕೆಟ್ಟದ್ದಲ್ಲ. ಆದರೆ ಆ ಮಕ್ಕಳ ನಾಲಿಗೆಗೆ ಕೊಡಗಿನ ರುಚಿ ಎಂದರೆ ನಾಗಪುರದ್ದೇ ಆಗಿಬಿಡುತ್ತದೆ. ಮುಂದೆ ನಿಜವಾದದ್ದು ಎದುರಿಗೆ ಬಂದರೆ, ಬೀಜ ಜಾಸ್ತಿ, ಹುಳಿ, ಎಂದು ಪಕ್ಕಕ್ಕಿಡುತ್ತಾರೆ. ತೋಟದಲ್ಲಿ ಮರ ಸತ್ತರೆ ಸಸಿ ನೆಡಬಹುದು. ಅದು ಹೋಗಿದೆ ಎಂದೇ ಯಾರಿಗೂ ತಿಳಿಯದಿದ್ದರೆ ಸಸಿ ಕೇಳುವವರು ಯಾರು? ದೇವನಹಳ್ಳಿಯ ಚಕ್ಕೋತದ ತೋಟಗಳೂ ವಿಮಾನ ನಿಲ್ದಾಣ ಬಂದ ಮೇಲೆ ಹೀಗೆಯೇ ಸೊರಗಿದವು. ನಾವು ಪ್ರತಿ ಸಲ ಬೆಂಗಳೂರಿಗೆ ಇಳಿಯುವುದು ಆ ಹಣ್ಣಿನ ಊರಿನಲ್ಲೇ.

ವಿಷಯ ಸ್ವಲ್ಪ ಭಾರವಾಯಿತು, ಕೊನೆಗೆ ಅಡುಗೆಮನೆಗೆ ಬರೋಣ. ಮ್ಯಾಂಡರಿನ್ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ಉತ್ತಮ ಪ್ರಯೋಗಾಲಯ ನಮ್ಮ ಕಿತ್ತಳೆ ಸಿಪ್ಪೆಯ ಗೊಜ್ಜು. ಸಡಿಲ ಸಿಪ್ಪೆಯ ಹಣ್ಣಿನಲ್ಲಿ ಒಳಗಿನ ಬಿಳಿ ಪದರ ತೆಳು, ಹಾಗಾಗಿ ಗೊಜ್ಜಿಗೆ ಹಿತವಾದ ಕಹಿ ಬರುತ್ತದೆ. ಮೋಸಂಬಿ ಸಿಪ್ಪೆಯಲ್ಲಿ ಮಾಡಿದರೆ ಬಾಯಿಗೆ ಇಡಲಾಗುವುದಿಲ್ಲ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಒಮ್ಮೆ ಕುದಿಸಿ ನೀರು ಬಸಿದು, ಸಾಸಿವೆ ಇಂಗು ಕರಿಬೇವಿನ ಒಗ್ಗರಣೆಯಲ್ಲಿ ಚೆನ್ನಾಗಿ ಹುರಿದು, ಹುಣಸೆ ರಸ, ಉಪ್ಪು, ಸಾರಿನ ಪುಡಿ, ಧಾರಾಳವಾಗಿ ಬೆಲ್ಲ ಹಾಕಿ ಎಣ್ಣೆ ಬಿಡುವವರೆಗೆ ಕುದಿಸಿ. ಮೇಣ ಹಚ್ಚಿದ ಹೊಳೆಯುವ ಹಣ್ಣಿನ ಸಿಪ್ಪೆ ಇದಕ್ಕೆ ಬೇಡ. ಚೀನಾದವರು ಇದೇ ಸಿಪ್ಪೆಯನ್ನು ಒಣಗಿಸಿ, ವರ್ಷಗಟ್ಟಲೆ ಇಟ್ಟು, ಚೆನ್‌ಪಿ ಎಂಬ ಹೆಸರಿನಲ್ಲಿ ಅಡುಗೆಗೂ ಔಷಧಿಗೂ ಬಳಸುತ್ತಾರೆ. ಹಳೆಯದಾದಷ್ಟೂ ಅದಕ್ಕೆ ಬೆಲೆ ಹೆಚ್ಚು. ಎರಡು ದೂರದ ನಾಡಿನ ಹೆಂಗಸರು ಒಂದೇ ಸಿಪ್ಪೆಯನ್ನು ಬಿಸಾಡದೆ ಉಳಿಸಿಕೊಂಡಿದ್ದಾರೆ.

ಗೆಳತಿಯರೇ, ನಿಮ್ಮಲ್ಲಿ ನನ್ನದು ಮೂರು ಸಣ್ಣ ಕೋರಿಕೆ. ಹಣ್ಣು ಕೊಳ್ಳುವಾಗ "ಎಲ್ಲಿಯದು?" ಎಂದು ಕೇಳಿ. ಕೊಡಗಿಗೆ ಹೋದಾಗ ರಸ್ತೆ ಬದಿಯ ಬೋರ್ಡು ನಂಬದೆ ತೋಟದವರಿಂದಲೇ ಹಣ್ಣು ಕೊಂಡು, ಬೀಜದ ಸಮೇತ ಮಕ್ಕಳಿಗೆ ಕೊಡಿ. ಮತ್ತು ಈ ವಾರ ಊರಿಗೆ ಫೋನು ಮಾಡಿದಾಗ, "ಊಟ ಆಯ್ತಾ?" ಎಂಬ ಪ್ರಶ್ನೆಯ ಜೊತೆ ಇನ್ನೊಂದು ಕೇಳಿ: "ಯಾವ ಗುಳಿಗೆ ತಗೋತಿದೀರಿ? ಯಾವ ಹಣ್ಣು ಬಿಟ್ಟಿದೀರಿ?" ಉತ್ತರವನ್ನು ಬರೆದುಕೊಂಡು ಅವರ ಡಾಕ್ಟರ ಹತ್ತಿರ ಒಮ್ಮೆ ಸರಿನೋಡಿಕೊಳ್ಳಿ. ಗುಳಿಗೆಯನ್ನಾಗಲಿ ಹಣ್ಣನ್ನಾಗಲಿ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ನನ್ನ ಈ ಭಾಷಣ ಕೇಳಿಯೂ ನಿಲ್ಲಿಸಬೇಡಿ.

ಎಳ್ಳುಬೆಲ್ಲದ ತಟ್ಟೆ ಕಾಯುತ್ತಿದೆ, ಇನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ. ಸಿರಿಗನ್ನಡಂ ಗೆಲ್ಗೆ.